ಜೋವಿನ್‌ನ ಧ್ವನಿಯಲ್ಲಿ ಒಂದು ಕರೆ

೧೯೯೮ರ ಆಗಸ್ಟ್ ತಿಂಗಳ ಒಂದು ಬುಧವಾರ ಮಣಿಪಾಲದ ಸಮೀಪದ ಪ್ರೌಢಶಾಲೆಯೊಂದು ಬೆಳಿಗ್ಗೆ ಹನ್ನೊಂದು ಗಂಟೆಗೇ ಖಾಲಿಯಾಯಿತು. ಧ್ವನಿವರ್ಧಕದಲ್ಲಿ ಮುಖ್ಯೋಪಾಧ್ಯಾಯರ ಧ್ವನಿ ಗಂಭೀರವಾಗಿ ಮೊಳಗಿ, ‘ಭಾರೀ ಮಳೆಯ ಕಾರಣ ಇಂದು ರಜೆ ಘೋಷಿಸಲಾಗಿದೆ. ಮಕ್ಕಳು ಗಲಾಟೆ ಮಾಡದೆ ಸಾಲಾಗಿ ಮನೆಗೆ ಹೋಗತಕ್ಕದ್ದು’ ಎಂದಿತು. ಆರುನೂರು ಮಕ್ಕಳು ಸಾಲಾಗಿಯೇ ಹೋದರು. ಇಬ್ಬರು ಅಧ್ಯಾಪಕರು ಮಕ್ಕಳಿಗಿಂತ ಮೊದಲು ಬಸ್ಸು ಹತ್ತಿದರು. ನಿಜವಾದ ಮುಖ್ಯೋಪಾಧ್ಯಾಯರು ಆ ಹೊತ್ತಿನಲ್ಲಿ ಉಡುಪಿಯ ಕಚೇರಿಯೊಂದರಲ್ಲಿ ಚಹಾ ಕುಡಿಯುತ್ತಿದ್ದರು. ಮೈಕಿನ ಮುಂದೆ ನಿಂತಿದ್ದವಳು ಹತ್ತನೆಯ ತರಗತಿಯ ದ್ರಾಕ್ಷಾಯಿಣಿ.

ಇದನ್ನು ಮಿಮಿಕ್ರಿ ಎಂದು ಯಾರೂ ತಿಳಿಯಬಾರದು. ಮಿಮಿಕ್ರಿಯವನು ಮೂಗು ಹಿಡಿದು, ಗಂಟಲು ಒತ್ತಿ, ಇನ್ನೊಬ್ಬರ ಧ್ವನಿಯ ಹತ್ತಿರ ಹತ್ತಿರ ಹೋಗುತ್ತಾನೆ. ಉಳಿದದ್ದನ್ನು ಕೇಳುಗರು ತಾವೇ ತುಂಬಿಕೊಂಡು ನಗುತ್ತಾರೆ. ದ್ರಾಕ್ಷಾಯಿಣಿಗೆ ಒಂದು ಧ್ವನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು. ಗಂಡಸಿನದಾಗಲಿ, ಮುದುಕಿಯದಾಗಲಿ, ನೆಗಡಿ ಹಿಡಿದವನದಾಗಲಿ, ಅದು ಒಂದಿಷ್ಟೂ ಮಾಸದೆ ಅವಳಿಂದ ಹೊರಬರುತ್ತಿತ್ತು. ಗಂಟಲು ಪರೀಕ್ಷಿಸಿದ ವೈದ್ಯರೊಬ್ಬರು ‘ಆ... ಅನ್ನು ಮಗು’ ಎಂದಾಗ, ‘ಆ... ಅನ್ನು ಮಗು’ ಎಂದು ತಮ್ಮದೇ ಧ್ವನಿ ಎದುರಿನಿಂದ ಬಂದುದನ್ನು ಕೇಳಿ ಟಾರ್ಚನ್ನು ಕೆಳಗೆ ಬೀಳಿಸಿದರು.

ಅವಳ ತಂದೆ ಈಶಪ್ಪ ಹುನಗುಂದದ ಕಡೆಯಿಂದ ಬಂದ, ಕಲ್ಲಿನ ಗೋಡೆ ಕಟ್ಟುವ ಗೌಂಡಿ. ತಾಯಿ ರಾಚವ್ವ ಅದೇ ಕಟ್ಟಡಗಳಲ್ಲಿ ಕಲ್ಲು, ಗಾರೆ ಹೊರುವವಳು. ಅಲೆವೂರಿನ ರಸ್ತೆಯ ಬದಿಯ ತಗಡಿನ ಶೆಡ್ಡು ಅವರ ಮನೆ. ಒಮ್ಮೆ ಮಧ್ಯಾಹ್ನ ಎರಡಾದರೂ ಕೂಲಿಗಳನ್ನು ಊಟಕ್ಕೆ ಬಿಡದಿದ್ದಾಗ, ಬುತ್ತಿ ತಂದಿದ್ದ ದ್ರಾಕ್ಷಾಯಿಣಿ ಕೆಳಗಿನಿಂದ ಮೇಸ್ತ್ರಿಯ ಧ್ವನಿಯಲ್ಲಿ, ‘ಎಲ್ಲರೂ ಇಳಿಯಿರಿ, ಊಟ!’ ಎಂದು ಕೂಗಿದಳು. ನಾಲ್ಕು ಅಂತಸ್ತಿನ ಜನರೂ ಇಳಿದರು. ಅಭ್ಯಾಸಬಲದಿಂದ ಮೇಸ್ತ್ರಿಯೂ ಇಳಿದನು.

ಶಾಲೆಯಲ್ಲಿ ಅವಳು ಮಾಡಿದ್ದು ತಪ್ಪು. ತಪ್ಪಿಗೆ ಶಿಕ್ಷೆ ಇರಬೇಕು. ಒಂದು ತಿಂಗಳು ಅಂಗಳ ಗುಡಿಸಲು ಹೇಳಬಹುದಾಗಿತ್ತು, ಆರುನೂರು ಮಕ್ಕಳ ಮುಂದೆ ಕ್ಷಮೆ ಕೇಳಿಸಬಹುದಾಗಿತ್ತು. ಆ ಶಾಲೆ ಹಾಗೆ ಮಾಡಲಿಲ್ಲ. ಮುಖ್ಯೋಪಾಧ್ಯಾಯರು ಉಡುಪಿಯಿಂದ ಮರಳಿದ ಒಂದು ಗಂಟೆಯೊಳಗೆ ‘ನಡತೆ ತೃಪ್ತಿಕರವಲ್ಲ’ ಎಂದು ಬರೆದ ವರ್ಗಾವಣೆ ಪತ್ರವನ್ನು ಅವಳ ಕೈಗಿತ್ತು ಗೇಟು ಹಾಕಿಕೊಂಡಿತು. ಬಸ್ಸು ಹತ್ತಿದ ಇಬ್ಬರು ಅಧ್ಯಾಪಕರ ನಡತೆಯ ಬಗ್ಗೆ ಯಾರೂ ಏನನ್ನೂ ಬರೆಯಲಿಲ್ಲ. ತಿದ್ದುವುದಕ್ಕೆಂದೇ ಸಂಬಳ ಪಡೆಯುವ ಇಷ್ಟು ಜನ ಹದಿನಾರು ವರ್ಷದ ಒಬ್ಬಳನ್ನು ತಿದ್ದಲಾರದೆ ಬೀದಿಗೆ ಬಿಟ್ಟರೆ, ಬೀದಿ ಅವಳಿಗೆ ತನ್ನ ಪಾಠವನ್ನು ಹೇಳದೆ ಬಿಟ್ಟೀತೇ?

ಬೀದಿಯ ಮೇಷ್ಟ್ರ ಹೆಸರು ಸಂಗಮೇಶ. ಈಶಪ್ಪನ ಊರಿನವನೇ ಆದ್ದರಿಂದ ದ್ರಾಕ್ಷಾಯಿಣಿ ಅವನನ್ನು ಮಾವ ಎನ್ನುತ್ತಿದ್ದಳು. ಕಾಪುವಿನ ಪೇಟೆಯಲ್ಲಿ ಅವನು ಎಸ್‌ಟಿಡಿ ಬೂತ್ ನಡೆಸುತ್ತಿದ್ದನು.

‘ನಿನ್ನ ಸಾಲಿ ಕೆಲಸ ನಾ ಮಾಡಿಸ್ತೀನಿ ಬಿಡಬೇ,’ ಎಂದು ಅವನು ಮಾತು ಕೊಟ್ಟನು. ‘ನಡತಿ ಚಲೋ ಐತಿ ಅಂತ ಬರಸೂದು ಎಷ್ಟರದು? ನನಗ ಗೊತ್ತಿರೋ ಗುಮಾಸ್ತ ಅದಾನ. ಅಲ್ಲೀತನಕ ನನ್ನ ಬೂತಿನಾಗ ಫೋನ್ ಎತ್ತು.’

ಅವಳಿಗೆ ಬೇಕಾಗಿದ್ದುದು ಅದೊಂದೇ: ಹತ್ತನೆಯ ತರಗತಿಯ ಬೆಂಚು. ಅದಕ್ಕಾಗಿ ಅವಳು ಎತ್ತಿದ ಮೊದಲ ವಸ್ತು ಆ ಬೂತಿನ ಫೋನು.

ಶುಕ್ರವಾರ ಗಲ್ಫಿನಲ್ಲಿ ರಜೆ. ಆ ದಿನ ಮಧ್ಯಾಹ್ನ ಊಟವಾದ ಕೂಡಲೇ ಕಾಪುವಿನ ತಾಯಂದಿರು ಸೀರೆಯ ಸೆರಗು ಸರಿಮಾಡಿಕೊಂಡು ಬೂತಿಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಮನೆಯಲ್ಲಿ ಫೋನಿಲ್ಲದವರ ಮಕ್ಕಳು ದೋಹಾ, ಮಸ್ಕತ್, ಕುವೈತುಗಳಿಂದ ಬೂತಿನ ನಂಬರಿಗೆ ಕರೆ ಮಾಡುತ್ತಿದ್ದರು. ದ್ರಾಕ್ಷಾಯಿಣಿ ಎತ್ತಿ ‘ಹಲೋ’ ಎನ್ನುವಳು. ಆ ಕಡೆಯವನು ‘ನಾನು ಜೋವಿನ್, ಮಾಯ್ ಬಂದಿದ್ದಾರಾ?’ ಎನ್ನುವನು. ಮಾಯ್ ಎಂದರೆ ಅವರ ಕೊಂಕಣಿಯಲ್ಲಿ ತಾಯಿ. ತಾಯಿ ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುವಳು. ಬಾಗಿಲ ಹಿಂದಿನ ಮಾತು ಹೊರಗಿನವರಿಗೆ ಕೇಳಿಸುತ್ತಿರಲಿಲ್ಲ. ದ್ರಾಕ್ಷಾಯಿಣಿಗೆ ಸಿಗುತ್ತಿದ್ದುದು ಮೊದಲ ಒಂದು ವಾಕ್ಯ ಮಾತ್ರ. ಧ್ವನಿಯನ್ನು ಹಿಡಿಯಲು ಅವಳಿಗೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು.

ಸಂಗಮೇಶನ ಉಪಾಯ ಸರಳವಾಗಿತ್ತು, ನೀಚವೂ ಆಗಿತ್ತು. ದ್ರಾಕ್ಷಾಯಿಣಿ ಉದ್ಯಾವರದ ಇನ್ನೊಂದು ಬೂತಿಗೆ ಹೋಗಿ, ಅಲ್ಲಿಂದ ಕಾಪುವಿಗೆ ಕರೆ ಮಾಡಬೇಕು. ಮಗನ ಧ್ವನಿಯಲ್ಲಿ, ‘ಹೊಸ ವೀಸಾ ಆಗಬೇಕು, ಏಜೆಂಟಿನ ಕಡೆಯವನು ಬೈಕಿನಲ್ಲಿ ಬರುತ್ತಾನೆ, ಚಿನ್ನದ ಸರ ಕೊಟ್ಟುಬಿಡು’ ಎನ್ನಬೇಕು. ಕಟ್ಟಡಗಳ ನಡುವೆ ಬೆಳೆದ ಅವಳಿಗೆ ತುಳುವೂ ಕೊಂಕಣಿಯೂ ಸಲೀಸು. ಬೈಕಿನವನನ್ನು ಸಂಗಮೇಶ ಹೆಜಮಾಡಿಯಿಂದ ಗೊತ್ತುಮಾಡಿದ್ದನು.

ಮರುವರ್ಷ ಏಪ್ರಿಲ್ ಕೊನೆಯ ಶುಕ್ರವಾರ ಅವಳು ಲೂಯಿಸ್‌ನ ಧ್ವನಿಯಲ್ಲಿ ಕರೆ ಮಾಡಿದಳು. ಲೂಯಿಸ್‌ನ ತಾಯಿ ಜೆರ್ಟ್ರೂಡ್ ಎಂಟು ತಿಂಗಳಿನಿಂದ ಪ್ರತಿ ಶುಕ್ರವಾರ ಬಂದು, ಬೆಂಚಿನ ತುದಿಯಲ್ಲಿ ಕುಳಿತು, ಎಲ್ಲರ ಕರೆ ಮುಗಿದ ಮೇಲೆ ಎದ್ದು ಹೋಗುತ್ತಿದ್ದ ಹೆಂಗಸು. ದ್ರಾಕ್ಷಾಯಿಣಿ ಬೂತಿಗೆ ಸೇರಿದ ಮೊದಲ ವಾರಗಳಲ್ಲಿ ಒಮ್ಮೆ ಮಾತನಾಡಿದ್ದ ಲೂಯಿಸ್ ಆಮೇಲೆ ಕರೆ ಮಾಡಿರಲಿಲ್ಲ. ಮಗನ ಧ್ವನಿ ಕೇಳಿದ್ದೇ ಆಕೆ ಅಳತೊಡಗಿದಳು. ಕೊನೆಯವರೆಗೂ ಅಳುತ್ತಲೇ, ಕೇಳಿದ್ದಕ್ಕೆಲ್ಲ ಹೂಂ ಎಂದಳು. ಸಂಜೆಯೊಳಗೆ ಸರ ಸಂಗಮೇಶನ ಕೈ ಸೇರಿತು.

‘ನನ್ನ ಸಾಲಿ?’ ಎಂದಳು ದ್ರಾಕ್ಷಾಯಿಣಿ.

‘ಇನ್ನೊಂದು ಮನಿ ಆಗಲಿ.’

ಒಬ್ಬ ಬಡ ಹುಡುಗಿಯ ಓದುವ ಆಸೆಯನ್ನೇ ಗಾಳಕ್ಕೆ ಸಿಕ್ಕಿಸಿ, ಅದರಿಂದ ಮುದುಕಿಯರ ಕೊರಳಿನ ಚಿನ್ನವನ್ನು ಎಳೆಯುವವನಿಗೆ ಯಾವ ಹೆಸರು ಕೊಟ್ಟರೂ ಕಡಿಮೆಯೇ.

ಇನ್ನೊಂದು ಮನೆ ವೆರೊನಿಕಾ ಬಾಯಿಯವರದು. ಅರವತ್ತರ ವಿಧವೆ, ಮನೆಯ ಸುತ್ತ ನೂರು ಮಲ್ಲಿಗೆ ಗಿಡ, ಒಬ್ಬನೇ ಮಗ ಜೋವಿನ್ ದೋಹಾದಲ್ಲಿ. ಮೇ ತಿಂಗಳ ಮೊದಲ ಶುಕ್ರವಾರ, ಜೋವಿನ್ ನಿಜವಾಗಿ ಕರೆ ಮಾಡುವ ವೇಳೆಗೆ ಅರ್ಧ ಗಂಟೆ ಮೊದಲು, ಉದ್ಯಾವರದ ಬೂತಿನಿಂದ ಜೋವಿನ್‌ನ ಧ್ವನಿ ಕಾಪುವಿಗೆ ಬಂತು.

‘ಮಾಯ್, ನಾನು ಜೋವಿನ್. ಹೇಗಿದ್ದೀ? ಊಟ ಆಯಿತಾ?’

 ದ್ರಾಕ್ಷಾಯಿಣಿ ವೀಸಾದ ಮಾತು ಎತ್ತುವಷ್ಟರಲ್ಲಿ ವೆರೊನಿಕಾ ಬಾಯಿ ನಿಧಾನವಾಗಿ ಕೇಳಿದರು: ‘ನೀನು ಯಾರ ಮಗು?’

‘ಮಾಯ್, ನಾನು ಜೋ...’

‘ಧ್ವನಿ ಅವನದೇ. ಕೆಮ್ಮಿದರೂ ಅವನ ಹಾಗೆಯೇ ಕೆಮ್ಮುತ್ತೀಯೋ ಏನೋ. ಆದರೆ ನನ್ನ ಮಗ ಹೇಗಿದ್ದೀ ಎಂದು ಕೇಳುವುದಕ್ಕೆ ಮೊದಲು ಬೆಸಾಂವ್ ಕೇಳುತ್ತಾನೆ. ಮಾತು ಬಂದ ದಿನದಿಂದ, ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ನಮ್ಮ ಮಕ್ಕಳೆಲ್ಲ ಕೈಜೋಡಿಸಿ ಹಿರಿಯರ ಆಶೀರ್ವಾದ ಕೇಳುತ್ತಾರೆ. ದೋಹಾದಿಂದಲೂ ಅವನ ಮೊದಲ ಮಾತು ಅದೇ. ಜ್ವರ ಬಂದು ಮಲಗಿದ್ದಾಗಲೂ ತಪ್ಪಿಸಿದವನಲ್ಲ. ಇವತ್ತು ಊಟದ ಸುದ್ದಿ ಮೊದಲು ಬಂತು!’

ಅವಳಿಗೆ ಆ ವಾಡಿಕೆ ಗೊತ್ತಿರಲಿಲ್ಲ. ಸಂಗಮೇಶನಿಗೂ ಗೊತ್ತಿರಲಿಲ್ಲ. ಮನೆ, ಗಿಡ, ಚಿನ್ನ, ಮಗನ ಕಂಪನಿ, ಎಲ್ಲವನ್ನೂ ತಿಳಿದಿದ್ದ ಅವನಿಗೆ ಗಾಜಿನ ಬಾಗಿಲು ಮುಚ್ಚಿದ ಮೇಲಿನ ಮೊದಲ ಮಾತು ಮಾತ್ರ ಎಂದೂ ಕೇಳಿಸಿರಲಿಲ್ಲ.

ಫೋನು ಇಡಲು ದ್ರಾಕ್ಷಾಯಿಣಿ ಕೈ ಇಳಿಸತೊಡಗಿದಳು.

‘ಇಟ್ಟುಬಿಡಬೇಡ,’ ಎಂದರು ವೆರೊನಿಕಾ ಬಾಯಿ. ‘ಯಾರಾದರಾಗಲಿ, ನನ್ನನ್ನು ಮಾಯ್ ಎಂದು ಕರೆದಿದ್ದೀ. ನೀನು ಕೇಳದಿದ್ದರೂ ಕೊಡಬೇಕಾದದ್ದು ನನ್ನ ಕೆಲಸ. ದೇವ್ ಬರೆಂ ಕರುಂ. ದೇವರು ನಿನಗೆ ಒಳ್ಳೆಯದು ಮಾಡಲಿ. ಇನ್ನು ನನ್ನ ನಿಜವಾದ ಮಗನ ಫೋನು ಬರಲಿಕ್ಕುಂಟು, ಲೈನು ಬಿಡು.’

ಮರುದಿನ ಬೆಳಿಗ್ಗೆ ಏಳು ಗಂಟೆಗೆ ದ್ರಾಕ್ಷಾಯಿಣಿ ಆ ಮಲ್ಲಿಗೆಯ ತೋಟದ ಬೇಲಿಯ ಬಳಿ ನಿಂತಿದ್ದಳು. ರಾತ್ರಿಯಿಡೀ ಅವಳಿಗೆ ನಿದ್ದೆ ಬಂದಿರಲಿಲ್ಲ. ಅವಳನ್ನು ಬೈದವರು ಅನೇಕರು, ಹೆದರಿದವರು ಅನೇಕರು. ಸಿಕ್ಕಿಬಿದ್ದ ಕ್ಷಣದಲ್ಲಿ ಹರಸಿದವರು ಇವರೊಬ್ಬರೇ.

ವೆರೊನಿಕಾ ಬಾಯಿ ತಲೆ ಎತ್ತದೆ ಮೊಗ್ಗು ಕೊಯ್ಯುತ್ತಿದ್ದರು. ‘ಎಂತ ಬೇಕು?’

‘ನಿನ್ನೆ ಫೋನ್ ಮಾಡಿದ್ದು ನಾನು ಬಾಯಿ.’

ಕೈ ನಿಂತಿತು. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು: ಎರಡು ಜಡೆ, ಹವಾಯಿ ಚಪ್ಪಲಿ, ಮಾಸಿದ ಲಂಗ. ‘ನೀನಾ? ನಾನು ಮೀಸೆ ಇದ್ದವನನ್ನು ಎಣಿಸಿದ್ದೆ ಮಾರಾಯ್ತಿ!’ ಎಂದು ಗಟ್ಟಿಯಾಗಿ ನಕ್ಕರು. ಆಮೇಲೆ ಬುಟ್ಟಿಯನ್ನು ಅವಳ ಕೈಗೆ ಕೊಟ್ಟರು. ‘ಬಿರಿದದ್ದು ಬೇಡ, ಮೊಗ್ಗು ಮಾತ್ರ. ಕೊಯ್ಯುತ್ತಾ ಹೇಳು. ಹೂ ಪೇಟೆಗೆ ಹೋಗಲಿಕ್ಕುಂಟು, ನಿನ್ನ ಕತೆಗಾಗಿ ಅದು ಕಾಯುವುದಿಲ್ಲ.’

ಅವಳು ಎಲ್ಲವನ್ನೂ ಹೇಳಿದಳು. ವೆರೊನಿಕಾ ಬಾಯಿ ಹೂ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿದರು. ಮುಗಿದ ಮೇಲೆ ಹೇಳಿದ್ದು ಇಷ್ಟು:

‘ಕಾರ್ಕಳದಲ್ಲಿ ನನ್ನ ಚಿಕ್ಕಪ್ಪನ ಮಗಳು ಸಿಸ್ಟರ್ ಬೆನೆಡಿಕ್ಟಾ ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲು ನೋಡಿಕೊಳ್ಳುತ್ತಾಳೆ. ನಿನ್ನ ಆ ಕಾಗದಕ್ಕೆ ಅವಳು ಹೆದರುವವಳಲ್ಲ. ಆದರೆ ಒಂದು ಕೇಳುತ್ತಾಳೆ: ಈ ಹುಡುಗಿಯ ಮೇಲೆ ಯಾರದ್ದಾದರೂ ದೂರು ಉಂಟಾ? ನಾನು ಸುಳ್ಳು ಹೇಳುವುದಿಲ್ಲ. ಜೆರ್ಟ್ರೂಡಳ ಸರ ಹೋಗಿದೆ. ಬರುವ ಶುಕ್ರವಾರ, ಹಗಲಿನಲ್ಲಿ, ಆ ಬೆಂಚಿನ ಎದುರು ನಿಂತು ನೀನೇ ಹೇಳಬೇಕು. ಅವಳು ಸ್ಟೇಷನ್ ಎಂದರೆ ನಾನು ನಿನ್ನ ಜೊತೆ ಸ್ಟೇಷನ್ನಿಗೆ ಬರುತ್ತೇನೆ. ಬಿಟ್ಟೆ ಎಂದರೆ ಕಾರ್ಕಳಕ್ಕೆ ಬರುತ್ತೇನೆ. ಎರಡರಲ್ಲಿ ಯಾವುದು ಎನ್ನುವುದು ಅವಳ ಕೈಯಲ್ಲಿ.’

ಹೀಗೆ ದ್ರಾಕ್ಷಾಯಿಣಿಯ ಬೆಂಚು ಜೆರ್ಟ್ರೂಡಳ ಒಂದು ಮಾತಿಗೆ ಬಂದು ನಿಂತಿತು.

ಶುಕ್ರವಾರ ಬೆಂಚು ಭರ್ತಿಯಾಗಿತ್ತು. ಏಳು ತಾಯಂದಿರು, ತುದಿಯಲ್ಲಿ ಎಂದಿನಂತೆ ಜೆರ್ಟ್ರೂಡ್. ದ್ರಾಕ್ಷಾಯಿಣಿಯ ಹಿಂದೆ ವೆರೊನಿಕಾ ಬಾಯಿ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ದ್ರಾಕ್ಷಾಯಿಣಿ, ಅಡಿಗೆ ಮುಗಿಸಿದ ಪಾತ್ರೆ ತೊಳೆಯುವಂತೆ, ಏನನ್ನೂ ಉಳಿಸದೆ ಹೇಳಿ ಮುಗಿಸಿದಳು.

ಯಾರೂ ನಂಬಲಿಲ್ಲ.

‘ಇವಳಿಗೆ ಬಿಸಿಲು ತಾಗಿದೆ,’ ಎಂದಳು ಒಬ್ಬಳು. ಸಂಗಮೇಶ ಆ ಮಾತಿಗೆ ಜೋತುಬಿದ್ದನು. ‘ಹೌದ್ರೀ ಬಾಯಾರ, ಮೊನ್ನಿಂದ ಜ್ವರ ಇದಕ್ಕ. ತಲಿ ಸುದ್ದ ಇಲ್ಲ.’

‘ನಾನು ಡೊಮಿನಿಕ್,’ ಎಂದಳು ದ್ರಾಕ್ಷಾಯಿಣಿ, ಡೊಮಿನಿಕ್‌ನ ಧ್ವನಿಯಲ್ಲಿ, ‘ಮಾಯ್ ಬಂದಿದ್ದಾರಾ?’

ಡೊಮಿನಿಕ್‌ನ ತಾಯಿ ಬೆಂಚಿನಿಂದ ಎದ್ದು ಗಾಜಿನ ಗೂಡಿನ ಕಡೆಗೆ ನಾಲ್ಕು ಹೆಜ್ಜೆ ಓಡಿದಳು; ಅಲ್ಲಿ ಯಾರೂ ಇಲ್ಲವೆಂದು ಅರಿತು ಹಿಂದಿರುಗಿ ನೋಡಿದಳು.  ಮರುಕ್ಷಣ ಇನ್ನೊಬ್ಬಳು, ‘ನನ್ನ ಬ್ಯಾಪ್ಟಿಸ್ಟ್?’ ಎಂದಳು. ಬ್ಯಾಪ್ಟಿಸ್ಟ್ ಬಂದನು, ತನ್ನ ತೊದಲಿನೊಂದಿಗೆ. ಮತ್ತೊಬ್ಬಳು ತನ್ನ ಅಳಿಯನನ್ನು ಕೇಳಿದಳು, ಅವನು ಬಂದಾಗ ‘ಥೂ, ಇಲ್ಲೂ ಅದೇ ಗೊಗ್ಗರು!’ ಎಂದು ಬೈದಳು. ಸಿಟ್ಟು ಬರಬೇಕಾಗಿದ್ದ ಜಾಗದಲ್ಲಿ ನಗು ಬಂದುಬಿಟ್ಟಿತು. ಒಬ್ಬಳು ನಕ್ಕು ನಕ್ಕು ಪಕ್ಕದವಳ ತೊಡೆಗೆ ಹೊಡೆದಳು, ಪಕ್ಕದವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

‘ಇನ್ನೊಬ್ಬರ ಧ್ವನಿ ಉಂಟು,’ ಎಂದಳು ದ್ರಾಕ್ಷಾಯಿಣಿ. ನಂತರ ಸಂಗಮೇಶನ ಧ್ವನಿ ಅವಳಿಂದ ಹೊರಟಿತು: ‘ಸರ ಈಗ ಮಾರಬ್ಯಾಡ, ಡೈರೆಕ್ಟರಿ ಇಡೋ ಪೆಟ್ಟಿಗಿ ತಳದಾಗ ಇರಲಿ. ಮುದುಕಿಗೆ ಮಗಾ ಅಂದ್ರ ಸಾಕು, ಕೊಳ್ಳಾಗಿಂದ ಬಿಚ್ಚಿ ಕೊಡ್ತಾಳ.’

ನಗು ನಿಂತಿತು. ಏಳು ತಾಯಂದಿರು ಒಟ್ಟಿಗೆ ಎದ್ದರು. ಸಂಗಮೇಶ ಬಾಗಿಲಿನ ಕಡೆ ನೋಡಿದನು. ಅಲ್ಲಿ ವೆರೊನಿಕಾ ಬಾಯಿ ಇದ್ದರು. ಡೊಮಿನಿಕ್‌ನ ತಾಯಿ ಮೀನು ಮಾರುವ ಹೆಂಗಸು. ಅವಳ ಕೈಯ ಹಿಡಿತವನ್ನು ಆ ಮಧ್ಯಾಹ್ನ ಸಂಗಮೇಶನ ಕಾಲರು ಪರಿಚಯ ಮಾಡಿಕೊಂಡಿತು. ಪೆಟ್ಟಿಗೆಯ ತಳದಿಂದ ಸರ ಹೊರಬಂತು. ಮೂವರು ಅವನನ್ನು ಪೊಲೀಸ್ ಠಾಣೆಗೆ ನಡೆಸಿಕೊಂಡು ಹೊರಟರು. ಡೊಮಿನಿಕ್‌ನ ತಾಯಿ ಹೋಗಲಿಲ್ಲ. ‘ನನ್ನ ಫೋನು ಬಂದಿಲ್ಲ ಇನ್ನೂ,’ ಎಂದು ಮತ್ತೆ ಬೆಂಚಿನ ಮೇಲೆ ಕುಳಿತಳು.

ಜೆರ್ಟ್ರೂಡ್ ಸರವನ್ನು ಕೈಯಲ್ಲಿ ಹಿಡಿದಿದ್ದಳು, ಕೊರಳಿಗೆ ಹಾಕಿಕೊಂಡಿರಲಿಲ್ಲ.

‘ಅದು ಲೂಯಿಸ್ ಅಲ್ಲ,’ ಎಂದಳು.

‘ಅಲ್ಲ ಬಾಯಿ. ನಾನು.’

‘ಎರಡು ವಾರ ನಾನು ಎಷ್ಟು ಸಂತೋಷದಲ್ಲಿ ಇದ್ದೆ ಗೊತ್ತುಂಟಾ? ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದೆ.’ ಆಕೆ ಸರವನ್ನು ದ್ರಾಕ್ಷಾಯಿಣಿಯ ಕಡೆ ಚಾಚಿದಳು. ‘ಇದು ಬೇಕಾದರೆ ಇಟ್ಟುಕೋ. ದೂರೂ ಇಲ್ಲ, ಎಂತದೂ ಇಲ್ಲ. ಇನ್ನು ಒಂದೇ ಸಲ ಅವನ ಧ್ವನಿಯಲ್ಲಿ ಮಾಯ್ ಅನ್ನು. ಒಂದೇ ಸಲ. ಅನ್ನದಿದ್ದರೆ ನಾನು ಈಗಲೇ ಅವರ ಹಿಂದೆ ಠಾಣೆಗೆ ಹೋಗುತ್ತೇನೆ.’

 ಒಂದೇ ಒಂದು ಶಬ್ದ. ಅದರ ಆಚೆ ಹತ್ತನೆಯ ತರಗತಿಯ ಬೆಂಚು. ಕೇಳುತ್ತಿರುವವಳೇ ಅದು ಸುಳ್ಳೆಂದು ತಿಳಿದು ಕೇಳುತ್ತಿದ್ದಾಳೆ. ಕರುಣೆಯೆಂದು ಹೇಳಿಕೊಂಡು ಅಂಥ ಸುಳ್ಳನ್ನು ಆಡಿ ಸುಖವಾಗಿ ನಿದ್ದೆ ಮಾಡುವ ದೊಡ್ಡವರು ಎಷ್ಟು ಮಂದಿಯಿಲ್ಲ!

‘ಇಲ್ಲ ಬಾಯಿ,’ ಎಂದಳು ದ್ರಾಕ್ಷಾಯಿಣಿ. ಅವಳ ಕೆನ್ನೆ ಒದ್ದೆಯಾಗಿತ್ತು. ‘ಒಮ್ಮೆ ಅಂದ್ರ ನಿಮಗ ಮುಂದಿನ ಶುಕ್ರವಾರ ಮತ್ತ ಬೇಕನಸ್ತದ. ಆಮೇಲೆ ನಿಜವಾದ ಲೂಯಿಸಣ್ಣನಿಗೆ ಯಾರೂ ಕಾಯೋರೇ ಇರೂದಿಲ್ಲ. ನೀವು ಠಾಣೆಗೆ ಹೋಗ್ರಿ. ನಾನೂ ಬರ್ತೀನಿ.’

ಆಗ ಫೋನು ಬಡಿದುಕೊಂಡಿತು. ಎತ್ತುವವನು ಠಾಣೆಯ ದಾರಿಯಲ್ಲಿದ್ದನು. ಒಂಬತ್ತು ತಿಂಗಳ ಅಭ್ಯಾಸ, ದ್ರಾಕ್ಷಾಯಿಣಿಯೇ ಎತ್ತಿದಳು.

‘ನಾನು ಡೊಮಿನಿಕ್, ಮಾಯ್ ಬಂದಿದ್ದಾರಾ?’

ಅವಳು ತಟ್ಟನೆ ಫೋನನ್ನು ಕಿವಿಗೆ ಒತ್ತಿಕೊಂಡಳು. ಡೊಮಿನಿಕ್‌ನ ಹಿಂದೆ, ಕೋಣೆಯ ಇನ್ನೊಂದು ಮೂಲೆಯಲ್ಲಿ, ಪಾತ್ರೆ ಕುಕ್ಕಿದ ಸದ್ದು. ಯಾರೋ ಒಬ್ಬನು ತಾನಿಟ್ಟ ಅನ್ನ ಸೀದುಹೋಯಿತೆಂದು ಯಾರಿಗೋ ಬೈಯುತ್ತಿದ್ದನು. ಬೇರೆ ಯಾರ ಕಿವಿಗಾದರೂ ಅದು ಬರಿಯ ಗದ್ದಲ. ಅವಳ ಕಿವಿಗೆ ಅದು ಎದುರಿಗೆ ನಿಂತ ಮನುಷ್ಯನಷ್ಟು ಸ್ಪಷ್ಟವಾಗಿತ್ತು.

‘ಡೊಮಿನಿಕಣ್ಣ, ನಿಮ್ಮ ಹಿಂದೆ ಬೈಯುತ್ತಿರುವವರು ಲೂಯಿಸಣ್ಣ ಅಲ್ವಾ?’

‘ಎಂತ? ಇಲ್ಲ, ಇಲ್ಲ... ನಿನಗೆ ಹೇಗೆ ಗೊತ್ತು?’

‘ಅವರ ಮಾಯ್ ಇಲ್ಲೇ ಇದ್ದಾರೆ. ಫೋನು ಕೊಡಿ.’

ಡೊಮಿನಿಕ್ ದನಿ ತಗ್ಗಿಸಿದನು. ಲೂಯಿಸ್ ಬಹರೈನಿನ ಕೆಲಸ ಕಳೆದುಕೊಂಡು ಐದು ತಿಂಗಳ ಹಿಂದೆ ದೋಹಾಕ್ಕೆ ಬಂದಿದ್ದನು. ಈಗ ಒಂದು ಹೋಟೆಲಿನ ಅಡಿಗೆಮನೆಯಲ್ಲಿದ್ದನು. ಊರಿನಲ್ಲಿ ಹೇಳಬೇಡಿ, ಒಳ್ಳೆಯ ಕೆಲಸ ಸಿಗಲಿ ಎಂದು ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದನು. ‘ನಾಚಿಕೆ ಅವನಿಗೆ,’ ಎಂದನು ಡೊಮಿನಿಕ್. ಆಮೇಲೆ ಫೋನಿನಿಂದ ಬಾಯಿ ತಿರುಗಿಸಿ ಕೂಗಿದನು: ‘ಏ ಲೂಯಿಸ್! ಬಾ ಇಲ್ಲಿ. ಸಿಕ್ಕಿಬಿದ್ದೆ!’

ದ್ರಾಕ್ಷಾಯಿಣಿ ಫೋನನ್ನು ಜೆರ್ಟ್ರೂಡಳ ಕಿವಿಗೆ ಹಿಡಿದಳು.  ಆ ಕಡೆಯಿಂದ ಏನೋ ಒಂದು ಸಣ್ಣ ಮಾತು ಬಂದಿರಬೇಕು. ಜೆರ್ಟ್ರೂಡ್ ಮೊದಲು ಬಿಕ್ಕಿದಳು. ಆಮೇಲೆ ಮಗ ಕೆಲಸದ ಸುದ್ದಿಯನ್ನೂ ಸೀದ ಅನ್ನದ ಸುದ್ದಿಯನ್ನೂ ಹೇಳಿದಾಗ ಆಕೆಯ ಧ್ವನಿ ಕಾಪುವಿನ ದೀಪಸ್ತಂಭದವರೆಗೆ ಕೇಳಿಸುವಷ್ಟು ಏರಿತು:

‘ಅಡಿಗೆಮನೆಯಲ್ಲಿ ಕೆಲಸವಾ? ಅದರಲ್ಲಿ ನಾಚಿಕೆ ಎಂತದು ನಿನಗೆ? ಅನ್ನ ಸೀದದ್ದಕ್ಕೆ ನಾಚಿಕೆಯಾಗಬೇಕು! ನಾನು ನಿನಗೆ ಹಾಗೆ ಕಲಿಸಿದ್ದೇನಾ? ನೀರು ಎಷ್ಟು ಇಟ್ಟೆ? ಹೇಳು, ಎಷ್ಟು ಇಟ್ಟೆ?’

ಬೆಂಚು ಬಿದ್ದುಬಿದ್ದು ನಕ್ಕಿತು. ಡೊಮಿನಿಕ್‌ನ ತಾಯಿ ಹಣೆ ಬಡಿದುಕೊಂಡಳು: ‘ಇದು ನನ್ನ ಫೋನು ಮಾರಾಯ್ರೇ!’ ಆದರೆ ಕೇಳುವವರು ಯಾರು? ಅನ್ನಕ್ಕೆ ನೀರಿನ ಅಳತೆ, ತೆಂಗಿನಕಾಯಿ ಹಾಕಿದ ಸಾರು, ದೋಹಾದಲ್ಲಿ ಸಿಗುವ ಮೀನು, ಎಲ್ಲವೂ ಇತ್ಯರ್ಥವಾಗುವವರೆಗೆ ಜೆರ್ಟ್ರೂಡ್ ಫೋನು ಬಿಡಲಿಲ್ಲ. ಬಿಟ್ಟ ಮೇಲೆ ಸರವನ್ನು ಕೊರಳಿಗೆ ಹಾಕಿಕೊಂಡು, ದ್ರಾಕ್ಷಾಯಿಣಿಯನ್ನು ಬಿರುಗಣ್ಣಿನಿಂದ ನೋಡಿದಳು.

‘ವೆರೊನಿಕಾ, ಕಾರ್ಕಳಕ್ಕೆ ಯಾವಾಗ?’

‘ಜೂನ್ ಒಂದಕ್ಕೆ.’

‘ನಾನೂ ಬರುತ್ತೇನೆ. ಇವಳ ಮೇಲೆ ದೂರಿಲ್ಲ ಎಂದು ನಾನೇ ಹೇಳಬೇಕು. ನೀನು ಹೇಳಿದರೆ ಅದು ಇನ್ನೊಬ್ಬರು ಬರೆದುಕೊಟ್ಟ ಕಾಗದದ ಹಾಗೆ ಇರುತ್ತದೆ.’

ಜೂನ್ ಒಂದನೆಯ ತಾರೀಕು ಉಡುಪಿಯಿಂದ ಹೊರಟ ಬಸ್ಸಿನಲ್ಲಿ ಐದು ಮಂದಿ ಎರಡು ಸೀಟು ಹಿಡಿದು ಕುಳಿತಿದ್ದರು. ಈಶಪ್ಪ ಒಗೆದ ಅಂಗಿ ಹಾಕಿದ್ದನು. ರಾಚವ್ವ ಜೋಳದ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಜೆರ್ಟ್ರೂಡಳಿಗೆ ಅದನ್ನು ಬಡಿಯುವ ಬಗೆಯನ್ನು ಕೈಯಲ್ಲೇ ತೋರಿಸುತ್ತಿದ್ದಳು.

‘ಲಟ್ಟಣಿಗೆ ಬೇಡವಾ?’

‘ಕೈಯೇನು ದೇವರು ಸುಮ್ಮ ಕೊಟ್ಟಾನೇನ್ರೀ?’

ಸಿಸ್ಟರ್ ಬೆನೆಡಿಕ್ಟಾ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ದ್ರಾಕ್ಷಾಯಿಣಿಯ ಶಕ್ತಿಯ ಬಗ್ಗೆ ಎಲ್ಲವನ್ನೂ ಕೇಳಿಸಿಕೊಂಡರು. ನಡೆದ ಅಪರಾಧವನ್ನೂ ಕೇಳಿದರು. ಜೆರ್ಟ್ರೂಡ್ ತಾನು ಹೇಳಬೇಕಾದುದನ್ನು ಮೂರು ಸಲ ಹೇಳಿದಳು.

‘ಶಿಕ್ಷೆ ಉಂಟು,’ ಎಂದರು ಸಿಸ್ಟರ್.

ಈಶಪ್ಪ ಎದ್ದು ನಿಂತನು.

‘ನಮ್ಮಲ್ಲಿ ಮೂವರು ಕಣ್ಣು ಕಾಣದ ಮಕ್ಕಳಿದ್ದಾರೆ. ಅವರಿಗೆ ಪಾಠ ಓದಿ ಹೇಳಬೇಕು, ದಿನಕ್ಕೊಂದು ಗಂಟೆ. ಕತೆ ಬಂದರೆ ರಾಜನಿಗೆ ರಾಜನ ಧ್ವನಿ, ಹುಲಿಗೆ ಹುಲಿಯ ಧ್ವನಿ. ಯಾರದು ಎಂದು ಅವರಿಗೆ ಮೊದಲೇ ಹೇಳಿ ಆಮೇಲೆ ಮಾತನಾಡಬೇಕು. ಒಪ್ಪಿಗೆಯಾ?’

‘ಹುಲಿ ಧ್ವನಿ ನಾನಿನ್ನೂ ಕೇಳಿಲ್ಲ ಸಿಸ್ಟರ್,’ ಎಂದಳು ದ್ರಾಕ್ಷಾಯಿಣಿ.

‘ಗಣಿತದ ಟೀಚರ್ ಬರಲಿ, ಕೇಳುತ್ತೀ,’ ಎಂದರು ಸಿಸ್ಟರ್ ಬೆನೆಡಿಕ್ಟಾ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಗಂಟೆ ಹೊಡೆಯಿತು. ದ್ರಾಕ್ಷಾಯಿಣಿ ಯಾರ ಕಡೆಗೂ ತಿರುಗಿ ನೋಡದೆ, ಚೀಲ ಎದೆಗೆ ಒತ್ತಿಕೊಂಡು ಅಂಗಳ ದಾಟಿ ಓಡಿದಳು. ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು, ಅದಕ್ಕಾಗಿಯೂ ನಿಲ್ಲಲಿಲ್ಲ. ರಾಚವ್ವ ಅದನ್ನು ಎತ್ತಿಕೊಂಡು ಬರಲು ಹೊರಟಳು. ಕೆಲಸವಿಲ್ಲದೆ ನಿಂತ ಈಶಪ್ಪ ತರಗತಿಯ ಕರಿಕಲ್ಲಿನ ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಸಂದುಗಳ ಮೇಲೆ ಬೆರಳಾಡಿಸಿ ನೋಡಿದನು.

‘ಚಲೋ ಕಟ್ಟ್ಯಾರ ಬಾಯಾರ,’ ಎಂದು ವೆರೊನಿಕಾ ಬಾಯಿಗೆ ಹೇಳಿದನು. ‘ಒಂದ ಕಲ್ಲೂ ಸಡಲ ಇಲ್ಲ.’